ಕದರಮ್ಮನ ಕೋಣೆಯ ಗೇಟು

“ಅಮ್ಮ ಬಂದ್ಮೇಲೆ ಈ ಮನೆಗೊಂದು ಗಡಿ ಇರುತ್ತೆ! ಕೆಂಚ ಆ ಕಡೆ, ಅಮ್ಮ ಈ ಕಡೆ!” ಎಂದು ಅಶ್ವಥ್ ಘೋಷಿಸಿದ. ಸದಾಶಿವನಗರದ ಆ ಪುಟ್ಟ ಮನೆಯಲ್ಲಿ ಘೋಷಣೆ ಕೇಳಿಸಿಕೊಂಡವರು ಇಬ್ಬರೇ: ಚಪಾತಿ ಲಟ್ಟಿಸುತ್ತಿದ್ದ ಹೆಂಡತಿ ಅರುಣಾ, ಮತ್ತು ಅವನದೇ ಚಪ್ಪಲಿ ಕಚ್ಚಿಕೊಂಡು ಕೂತಿದ್ದ ನಾಯಿ ಕೆಂಚ.

ವಿಷಯ ಮಾತ್ರ ತಮಾಷೆಯದಲ್ಲ. ಗೂಳೂರಿನಲ್ಲಿದ್ದ ಅವನ ತಾಯಿ ಕದರಮ್ಮನಿಗೆ ಮಂಡಿ ಆಪರೇಷನ್ ಆಗಿ ಒಂದು ತಿಂಗಳಾಗಿತ್ತು. ಇನ್ನು ಮೂರು ತಿಂಗಳು ಮಗನ ಮನೆಯಲ್ಲೇ ಇರಬೇಕು. “ಬಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ” ಎಂದು ಡಾಕ್ಟರು ಎಚ್ಚರಿಸಿದ್ದರು. ಕೆಂಚನೋ ಒಂದೂವರೆ ವರ್ಷದ ಬೀದಿತಳಿ. ಅಶ್ವಥ್ ಕೆಲಸದಿಂದ ಬಂದೊಡನೆ ಅವನೆದೆಗೆ ಹಾರಿ, ಎರಡೂ ಮುಂಗಾಲಿಟ್ಟು ಮುಖ ನೆಕ್ಕದಿದ್ದರೆ ಅದಕ್ಕೆ ದಿನ ಮುಗಿಯುತ್ತಿರಲಿಲ್ಲ. ಕೋಣೆಯ ಬಾಗಿಲು ಮುಚ್ಚೋಣವೆಂದರೆ ಕದರಮ್ಮನಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

“ದಾಸಯ್ಯನ್ನ ಕರೆಸಿ ಅಡ್ಡಕ್ಕೆ ಎರಡು ಹಲಗೆ ಹೊಡೆಸಿದ್ರೆ ಆಯ್ತಲ್ರೀ,” ಎಂದಳು ಅರುಣಾ.

“ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಅಳತೆ ಹೇಳ್ಕೊಡೋನು ನಾನು! ಒಂದು ಗೇಟಿಗೆ ಬಡಗಿ ಬೇಕೇನೇ?”

ಅವನು ಅಳೆದ, ಮೊಬೈಲಿನಲ್ಲಿ ಆರ್ಡರ್ ಮಾಡಿದ. ಬಂದ ಗೇಟು ಬಾಗಿಲಿನೊಳಗೆ ಕೂರಲೇ ಇಲ್ಲ. ಚೌಕಟ್ಟಿನ ಒಳಗನ್ನು ಅಳೆಯುವ ಬದಲು ಹೊರಗನ್ನು ಅಳೆದಿದ್ದ!

“ಹುಡುಗರಿಗೂ ಹಿಂಗೇನಾ ಹೇಳ್ಕೊಡೋದು?” ಎಂದು ಕೇಳಿ ಅರುಣಾ ಗುಬ್ಬಿಯ ತನ್ನ ಶಾಲೆಗೆ ಹೊರಟಳು.

ಅದು ವಾಪಸು ಹೋಗಿ ಎರಡನೆಯದು ಬಂತು. ಕಬ್ಬಿಣದ ಬಿಳಿ ಸರಳು, ಎರಡೂವರೆ ಅಡಿ ಎತ್ತರ. ಗೋಡೆಗೆ ಮೊಳೆ ಹೊಡೆಯಬೇಕಿಲ್ಲ. ನಾಲ್ಕು ಮೂಲೆಯ ತಿರುಪು ಬಿಗಿ ಮಾಡಿದರೆ ಚೌಕಟ್ಟನ್ನು ಒತ್ತಿಕೊಂಡು ನಿಲ್ಲುತ್ತದೆ. ತೆಗೆಯಬೇಕಾದರೆ ಹೆಬ್ಬೆರಳಲ್ಲಿ ಗುಂಡಿ ಒತ್ತಿ, ಹಿಂದಕ್ಕೆ ಎಳೆದು, ಮೇಲಕ್ಕೆ ಎತ್ತಬೇಕು. ಅಶ್ವಥ್ ಅದನ್ನು ಹತ್ತು ಸಲ ತೆಗೆದು ಹಾಕಿ ತೋರಿಸಿದ.

ಅಷ್ಟರಲ್ಲಿ ಬಂದಿದ್ದ ಕದರಮ್ಮ ಮಂಚದ ಮೇಲಿಂದ ಎಲ್ಲವನ್ನೂ ನೋಡಿದರು. ಆಮೇಲೆ ಮೆಲ್ಲಗೆ, “ಇದು ನಾಯಿಗೆ ಹಾಕಿರದಾ, ನಂಗಾ?” ಎಂದರು.

“ಅಮ್ಮಾ! ನಾಯಿಗೇ ಕಣಮ್ಮ!”

“ಅದಕ್ಕೆ ನಡುಮನೆ, ಅಡುಗೆಮನೆ, ವರಾಂಡ ಎಲ್ಲಾ ಐತೆ. ನಂಗೆ ಈ ಕೋಣೆ ಒಂದೇ. ಅದಕ್ಕೆ ಕೇಳ್ದೆ ಬುಡು.”

ಅಶ್ವಥ್‌ನ ಕೈ ಗೇಟಿನ ಗುಂಡಿಯವರೆಗೆ ಹೋಯಿತು. ಆದರೂ ಗೇಟು ತೆಗೆಯಲಿಲ್ಲ. ಬಿದ್ದರೆ ಗತಿ? ಒಂದು ವಾರ ಮಧ್ಯಾಹ್ನ ಊಟಕ್ಕೆ ಬಂದಾಗಲೆಲ್ಲ ಇಣುಕಿ ನೋಡಿದ. ಅಮ್ಮ ಒಳಗೆ, ಕೆಂಚ ಹೊರಗೆ. ಗಡಿ ಭದ್ರವಾಗಿತ್ತು.

ಭಾನುವಾರ ಅರುಣಾ ನಾಮಕರಣವೊಂದಕ್ಕೆ ಕುಣಿಗಲ್‌ಗೆ ಹೊರಟಳು. “ಒಂದು ದಿನ ನಾನು ನೋಡ್ಕೊಳ್ಳಲ್ವೇನೇ? ಆರಾಮಾಗಿ ಹೋಗ್ಬಾ,” ಎಂದ ಅಶ್ವಥ್, ಹಾಲು ಕಾಯಲಿಟ್ಟು, ಅಮ್ಮನಿಗೆ ಮಾತ್ರೆ ಕೊಡಲು ಕೋಣೆಗೆ ಹೋದ. ಹಿಂದೆಯೇ ಗೇಟು ಹಾಕಿದ. ನಿಯಮ ಎಂದರೆ ನಿಯಮ!

ಮಾತ್ರೆ ಕೊಟ್ಟು ತಿರುಗಿ ಗುಂಡಿ ಒತ್ತಿದರೆ ಅದು ಒಳಗೇ ಸಿಕ್ಕಿಕೊಂಡಿತು. ಎಳೆದ, ಎತ್ತಿದ, ಗುದ್ದಿದ. ಗೇಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಡುಗೆಮನೆಯಲ್ಲಿ ಹಾಲು ಸುಯ್ ಎಂದಿತು. ನಡುಮನೆಯಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಆ ಕಡೆ ಕೆಂಚ ತಲೆ ಓರೆ ಮಾಡಿ ಅವನನ್ನೇ ನೋಡುತ್ತ ಕೂತಿತು.

“ದಾಟ್ತೀನಿ,” ಎಂದ ಅಶ್ವಥ್.

“ಪಂಚೇಲಿ ಬ್ಯಾಡ ಕಣ್ಲಾ ಮಗ!”

ಒಂದು ಕಾಲು ದಾಟಿತು. ಇನ್ನೊಂದನ್ನು ಎತ್ತುವಾಗ ಪಂಚೆಯ ಅಂಚು ಸರಳಿನ ತುದಿಗೆ ಸಿಕ್ಕಿತು. ಅವನು ಜಗ್ಗಿದ, ಗೇಟು ಅವನನ್ನು ಜಗ್ಗಿತು. ಮರುಕ್ಷಣವೇ ಗೇಟು ಚೌಕಟ್ಟಿನಿಂದ ಕಿತ್ತು ಬಂದು, ಅಶ್ವಥ್ ಅದರ ಸಮೇತ ನಡುಮನೆಯ ನೆಲಕ್ಕೆ ಧೊಪ್ಪೆಂದು ಬಿದ್ದ! ಪಂಚೆ ಅರ್ಧ ಸೊಂಟದಲ್ಲಿ, ಅರ್ಧ ಸರಳಿನಲ್ಲಿ. ಕೆಂಚ ಅವನ ಬೆನ್ನ ಮೇಲೇ ಹಾದು ಕೋಣೆಗೆ ನುಗ್ಗಿತು.

“ಅಮ್ಮಾ! ಹುಷಾರು! ಮಂಚದಿಂದ ಇಳೀಬ್ಯಾಡ!” ಎಂದು ಬಿದ್ದಲ್ಲಿಂದಲೇ ಚೀರಿದ. ಪಂಚೆ ಬಿಡಿಸಿಕೊಂಡು, ಕುಂಟುತ್ತ ಓಡಿ ಗ್ಯಾಸ್ ಆರಿಸಿ, ಅದೇ ಓಟದಲ್ಲಿ ಕೋಣೆಗೆ ಬಂದು ನಿಂತ.

ಕೆಂಚ ಹಾರಿರಲಿಲ್ಲ. ಮಂಚದ ಕೆಳಗಿನಿಂದ ಹಳೇ ಸೀರೆಯ ತುಂಡೊಂದನ್ನು ಬಾಯಲ್ಲಿ ಎಳೆದು, ಅದರ ಮೇಲೆ ಮೂರು ಸುತ್ತು ಸುತ್ತಿ, ತನ್ನದೇ ಜಾಗವೆಂಬಂತೆ ಮಲಗಿತು. ಕದರಮ್ಮನ ಕೈ ತಾನಾಗಿಯೇ ಇಳಿದು ಅದರ ಕಿವಿ ಸವರತೊಡಗಿತು.

ಅಶ್ವಥ್ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಇದು... ಮೊದ್ಲೂ ಬಂದಿತ್ತೇನಮ್ಮ?”

“ದಿನಾ ಬತ್ತದೆ. ನೀವಿಬ್ರೂ ಹೋದ್ ತಕ್ಷಣ ಗೇಟು ಹಾರಿ ಬಂದು ಇಲ್ಲೇ ಮನೀಕತ್ತದೆ. ನಿನ್ ಗಾಡಿ ಸದ್ದಾದ್ರೆ ಹಾರಿ ಆಚೆ ಹೋಗಿ ಕೂತ್ಕತ್ತದೆ.”

“ನಿನ್ ಮೇಲೆ ಹಾರಲ್ವಾ?”

“ಕೂಗಿ ಕೂಗಿ ಎತ್ಕಳೋನು ನೀನು. ನಿನ್ ಮೇಲೆ ಹಾರ್ತದೆ. ನಾನು ಸುಮ್ಕಿರ್ತೀನಿ, ಅದೂ ಸುಮ್ಕಿರ್ತದೆ.”

ಅವನು ಮಂಚದ ಅಂಚಿನಲ್ಲಿ ಕುಸಿದು ಕೂತ. “ಒಂದ್ ಮಾತು ಹೇಳ್ಬಾರ್ದಿತ್ತಾ?”

ಕದರಮ್ಮ ಮಗನ ಮೊಣಕೈಯ ತರಚು ಗಾಯವನ್ನು ಸೆರಗಿನಿಂದ ಒರೆಸಿದರು.

“ನೀನು ಅಷ್ಟು ಆಸೆಪಟ್ಟು ತಂದಿದ್ದೆ ಕಣ್ಲಾ. ಹೇಳಿದ್ರೆ ಬೇಜಾರ್ ಮಾಡ್ಕತೀಯ ಅಂತ, ನಾವಿಬ್ರೂ ಸುಮ್ಕಿದ್ವಿ.”