ಬಿರುಕಿಗೆ ಇನ್ನೂರು ಬುಟ್ಟಿ

ಬೆಳಿಗ್ಗೆ ತೆಂಗಿನ ಬುಡಕ್ಕೆ ಬೂದಿ ಹಾಕಲು ಹೋದ ಮುತ್ತನ ಬಲಗಾಲು ಮೊಣಕಾಲಿನ ತನಕ ನೆಲದೊಳಗಿಳಿಯಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅಡುಗೆಮನೆಯ ಹಿಂದೆ, ದಡದ ಉದ್ದಕ್ಕೂ ಬಿಲ್ಲಿನಂತೆ ಬಾಗಿದ ಗೇಣಗಲದ ಬಿರುಕು. ಬಿರುಕಿನಾಚೆ, ಹೊಳೆಯ ಬದಿಗೆ, ಅವನ ಮೂರು ಗೆಂದಾಳಿ ತೆಂಗು.

ಕುಂದಾಪುರದ ಹೊಳೆಬಾಯಿಯ ನಡುಗಡ್ಡೆಯಾದ ಆ ಕುದ್ರುವಿನಲ್ಲಿ ಮುತ್ತನಿಗಿದ್ದದ್ದು ಒಬ್ಬ ಹೆಂಡತಿ, ಎಂಟು ಸೆಂಟ್ಸು ಜಾಗ, ಈ ಮೂರು ಮರ. ಅವನ ಪ್ರೀತಿಯ ಕ್ರಮ ಇದರ ತಿರುಗುಮುರುಗು ಎನ್ನುವುದು ಹೆಂಡತಿ ಶರ್ಮಿಳಾಳ ದೂರು. ಮರಗಳೋ ಹೊಳೆಗೆ ವಾಲಿ, ಬಲಿತ ಕಾಯನ್ನೆಲ್ಲ ನೀರಿಗೆ ಬೀಳಿಸುತ್ತಿದ್ದವು. ಪಕ್ಕದಮನೆಯ ಗೋಪಿ ದೋಣಿಯಲ್ಲಿ ಹೆಕ್ಕುತ್ತಿದ್ದ. ಆದರೂ ಮರ ತನ್ನವು ಎಂಬ ಹೆಮ್ಮೆ ಮುತ್ತನದು.

"ಹ್ವಾಯ್ ಮುತ್ತಣ್ಣ, ಎಂತ ನೆಲ ಮೂಸೂದ್?" ಎನ್ನುತ್ತ ಗೋಪಿ ಬಂದ. ಹಿಂದೆ ಕಾಯಿ ಕೊಯ್ಯುವ ಸೂರ.

ಬಿರುಕು ಕಂಡ ಗೋಪಿಗೆ ತನ್ನ ಕಾಯಿಗಳೇ ಹೋದಷ್ಟು ಗಾಬರಿ. "ಈಗ್ಲೇ ತುಂಬ್ಸ್‌ಕ್ ಮರಾಯ್ರೆ!"

ಒಂದು ವಾರದಿಂದ ದಡದಲ್ಲಿ ಪೈಪು ಊರಿ ಕೆಸರು ತೆಗೆಯುತ್ತ, ಹಳೆಯ ನದಿಮುಖಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಕೋಟೇಶ್ವರದ ಅಕ್ಷಿತಾ ಓಡಿ ಬಂದಳು.

"ಮುತ್ತಣ್ಣ, ಮಣ್ಣ್ ಮಾತ್ರ ಹಾಕ್ಬೇಡಿ! ಈ ಕುದ್ರು ಹೊಳಿ ತಂದ್ ಹಾಕದ್ ಹೊಯ್ಗಿ ಮರಳ್, ಕೆಳ್ಗ್ ಬರೀ ಕೆಸ್ರ್. ಭಾರ ಆರೆ ಜಾರತ್ತ್. ತಗ್ಗಾದಲ್ಲಿಗೇ ಹೊಳಿ ಮತ್ತೆ ಮಣ್ಣ್ ತಂದ್ ಹಾಕತ್ತ್, ಮತ್ತೆ ಭಾರ, ಮತ್ತೆ ಜಾರತ್ತ್. ಹಳೆಕಾಲದ್ ನದಿಮುಖದಲ್ಲೆಲ್ಲ ಲಕ್ಷಗಟ್ಲೆ ವರ್ಷ ಇದೇ ಕತಿ."

"ಲಕ್ಷ ವರ್ಷವಾ? ಹಂಗಾರೆ ಅರ್ಜೆಂಟಿಲ್ಲೆ," ಎಂದ ಗೋಪಿ. "ನಾವ್ ಸಂಜಿ ಒಳ್ಗ್ ಮುಗ್ಸುವ."

ಹೊಳೆ ಇಳಿದಾಗ ಗೋಡು, ಅಂದರೆ ಹೊಳೆಯ ಮಣ್ಣು, ಎತ್ತಿ ತೆಂಗಿನ ಬುಡಕ್ಕೆ ಹಾಕುವುದು ಆ ಕುದ್ರುವಿನ ಅಜ್ಜಂದಿರ ಪದ್ಧತಿ. ದೂರದಿಂದ ಹೊರುವವರು ಯಾರು? ಮುತ್ತನ ದಡದ ಬುಡದಲ್ಲೇ ಅಗೆದು, ಬುಟ್ಟಿಯಲ್ಲಿ ತಂದು ಬಿರುಕಿಗೆ ಸುರಿಯತೊಡಗಿದರು.

"ಅಯ್ಯೋ, ಕಾಲ್ ಕಡ್ದ್ ತಲಿ ಮೇಲ್ ಹೇರ್ತಾ ಇದ್ರಿ!" ಎಂದಳು ಅಕ್ಷಿತಾ.

"ಹೆಣ್ಣೆ, ನೀನ್ ನಿನ್ ಪೈಪ್ ಕಾಣ್," ಎಂದ ಸೂರ.

ಬಿರುಕು ಮದುವೆಯೂಟಕ್ಕೆ ಕೂತ ದೂರದ ನೆಂಟನಂತೆ, ಬಡಿಸಿದಷ್ಟೂ ನುಂಗಿ ಇನ್ನೂ ಬಾಯಿ ಅಗಲಿಸಿತು. ಮೂರು ಗಂಟೆಗೆ ಇನ್ನೂರನೆಯ ಬುಟ್ಟಿ ಬಿದ್ದು ಬಾಯಿ ಮುಚ್ಚಿತು. ಮುತ್ತ ಮೇಲೆ ಹತ್ತಿ ಸಂತೋಷದಿಂದ ಎರಡು ಸಲ ತುಳಿದ.

ಸದ್ದೇನೂ ಆಗಲಿಲ್ಲ. ಎಮ್ಮೆ ಮಂಡಿಯೂರಿ ಕೂರುವಂತೆ ದಡ ನಿಧಾನಕ್ಕೆ, ಮುತ್ತನ ಸಮೇತ, ಆಳೆತ್ತರ ಕೆಳಗೆ ಕೂತಿತು. ದಡದ ಬುಡ ಹೊಳೆಗೆ ಜಾರಿತು, ಮನೆಯ ಬದಿ ಇನ್ನಷ್ಟು ತಗ್ಗಿತು. ಹೊಳೆಗೆ ವಾಲಿದ್ದ ಮೂರು ಮರಗಳೂ ತಲೆಯೆತ್ತಿ, ನೆಟ್ಟಗಾಗಿ, ಅಲ್ಲಿಗೂ ನಿಲ್ಲದೆ ಹಿಂದಕ್ಕೆ, ಅಡುಗೆಮನೆಯ ಮೇಲಕ್ಕೆ ಬಾಗಿದವು.

"ಪುಸ್ತಕದಾಗ್ ಇದ್ದಂಗೇ!" ಅಕ್ಷಿತಾ ಮೈಮರೆತು ಚಪ್ಪಾಳೆ ತಟ್ಟಿದಳು.

ಕೆಸರಿನ ಮುದ್ದೆಯಾಗಿ ಮೇಲೆ ಬಂದ ಮುತ್ತ ಮರ ಎಣಿಸಿದ. ಮೂರೂ ಇದ್ದವು! "ಗೋಪಿ, ಇನ್ ಕಾಯ್ ನಮ್ ಬದಿಗೇ ಬೀಳತ್ತ್ ಕಾಣಾ!" ಎಂದು ಕುಣಿದೇ ಬಿಟ್ಟ. ಗೋಪಿಯ ಮುಖ ಕೆಸರಿಗೆ ಕೂತ ದೋಣಿಯಂತಾಯಿತು.

ಧಡ್!

ಕಾಯಿ ಬಿದ್ದು ಅಡುಗೆಮನೆಯ ಹೆಂಚು ಒಡೆದ ಸದ್ದು. ಒಳಗಿಂದ ಶರ್ಮಿಳಾ ಬಂದಳು, ಕೈಯಲ್ಲಿ ಸೌಟು, ತಲೆಯಿಂದ ಇಳಿಯುತ್ತಿದ್ದ ಮೀನುಸಾರು. "ಇವತ್ತೇ ಆ ಮರ ಕಡ್ಸಿ!"

ಸೂರ ಕತ್ತಿ ಎತ್ತಿದ. ಅಕ್ಷಿತಾ ಅಡ್ಡ ನಿಂತಳು. "ಕಡುಕಾಗ! ಉಳ್ದ ಮಣ್ಣ್ ಹಿಡ್ಕಂಡ್ ಇಪ್ಪುದೇ ಆ ಬೇರ್. ಮರ ಹೋರೆ ಹಿಂದೇ ಅಡ್ಗಿಮನಿ ಹೋತ್ತ್."

"ಕಾಯಾರೂ ಕೊಯ್ಯಾ ಸೂರ," ಮುತ್ತ ಗೋಗರೆದ.

"ನೆಲವೇ ನಡಿಯು ಮರಕ್ಕೆ ನಾ ಹತ್ತುದಿಲ್ಲೆ ಮರಾಯ್ರೆ. ನಂಗೂ ಹೆಂಡ್ತಿ ಇಲ್ಯಾ?"

ಎಲ್ಲರೂ ಹೋದ ಮೇಲೆ ಶರ್ಮಿಳಾ ಒಲೆ, ಪಾತ್ರೆ, ಡಬ್ಬಿಗಳನ್ನೆಲ್ಲ ಜಗಲಿಗೆ ಸಾಗಿಸಿದಳು. ಖಾಲಿ ಅಡುಗೆಮನೆಯ ನಡುವೆ ಒಂದೇ ಒಂದು ಮಣೆ ಹಾಕಿ, ಎದುರಿಗೆ ಗಂಜಿ ಬಟ್ಟಲು ಇಟ್ಟಳು.

"ನೀವ್ ಉಳ್ಸದ್ ಮರ ಅಲ್ದಾ? ಬನ್ನಿ, ಇಲ್ಲೇ ಕೂತ್ಕಂಡ್ ಉಣ್ಣಿ."

ಮುತ್ತ ಮೇಲೆ ನೋಡಿದ. ಹೆಂಚಿನ ಕಿಂಡಿಯಿಂದ ಹನ್ನೊಂದು ಕಾಯಿಯ ಗೊನೆಯೊಂದು ಅವನ ಗಂಜಿ ಬಟ್ಟಲನ್ನೇ ಬಗ್ಗಿ ನೋಡುತ್ತಿತ್ತು.