ಖಾಲಿ ಹೊಟ್ಟೆಯ ವರ

ರಕ್ತ ಪರೀಕ್ಷೆಗೆ ಚೌಡೇಶನ ಹೊಟ್ಟೆ ಖಾಲಿ ಇರಬೇಕಿತ್ತು. ಇಡೀ ರಂಪಕ್ಕೆ ಅದೇ ಮೂಲ.

ಹರೆಯದವರ ಹೃದಯ ವರ್ಷ ಕಳೆದಂತೆ ಹೇಗೆ ಸವೆಯುತ್ತದೆಂದು ಇಪ್ಪತ್ತು ವರ್ಷ ಬೆನ್ನು ಬಿಡದೆ ನೋಡುವ ಸಂಶೋಧನೆಯೊಂದು ಮೊಳಕಾಲ್ಮೂರಿಗೆ ಬಂದಿತ್ತು. ಹುಡುಗರನ್ನು ಅದಕ್ಕೆ ಸೇರಿಸುವುದು, ಸೇರಿದವರನ್ನು ಉಳಿಸಿಕೊಳ್ಳುವುದು ಕೃಷ್ಣಕುಮಾರನ ಕೆಲಸ. ಸೇರಿಸುವುದೇನೋ ಸುಲಭ, ಉಳಿಸಿಕೊಳ್ಳುವುದು ಮಾತ್ರ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ. "ನಾವೇನು ರೋಗಿಷ್ಟರಾ?" ಎಂದು ಒಬ್ಬೊಬ್ಬರೇ ಜಾರಿಕೊಂಡು, ಕಡೆಗೆ ಮಗ್ಗದ ಬೀದಿಯ ಚೌಡೇಶನೊಬ್ಬನೇ ಉಳಿದಿದ್ದ.

"ತಾಲ್ಲೂಕಿನೊಳಗೆ ಇರುವವರಷ್ಟೇ ಲೆಕ್ಕ. ಅವನೂ ಕೈಬಿಟ್ಟ ದಿನ ನೀವೂ ಮನೆಗೆ ಹೋಗಬಹುದು" ಎಂದು ಅವನ ಮೇಲಿನ ಸಾಹೇಬರು ಎಸ್‌ಟಿಡಿ ಬೂತಿನ ಫೋನಿನಲ್ಲೇ ಗುಡುಗಿದ್ದರು.

ಆ ಬೆಳಿಗ್ಗೆ ಸೂಜಿ, ಸೀಸೆಗಳ ಚೀಲ ಹಿಡಿದು ಹೋದರೆ ಚೌಡೇಶನ ಬಾಗಿಲ ತುಂಬ ಚಪ್ಪಲಿ. ಗಡಿಯಾಚೆ ಆಂಧ್ರದ ರಾಯದುರ್ಗದಿಂದ ಹೆಣ್ಣಿನ ಕಡೆಯವರು ಹೇಳದೆ ಕೇಳದೆ ಮನೆ ನೋಡಲು ಬಂದಿದ್ದರು. ತಾಯಿ ಓಬಳಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟಿದ್ದರೂ ಮಗ ಕೈಕಟ್ಟಿ ಕುಳಿತಿದ್ದ.

"ಏಮಿ ನಾಯನಾ, ತಿನವಾ?" ಎಂದು ಹೆಣ್ಣಿನ ತಂದೆ ಚಿತ್ತಪ್ಪ ತೆಲುಗಿನಲ್ಲಿ ಕೇಳಿ ಅವನ ತಟ್ಟೆ ಮುಂದೆ ತಳ್ಳಿದರು.

"ಬ್ಯಾಡ್ರಿ, ರಕ್ತ ಕೊಡೋದೈತೆ" ಎಂದ ಚೌಡೇಶ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗ.

ಪಕ್ಕದ ಮನೆಯ ಹುಚ್ಚಕ್ಕ ಬಾಗಿಲಲ್ಲೇ ಇದ್ದಳು. ಊರ ಉಸಾಬರಿಯೆಲ್ಲ ಅವಳದೇ. "ವರ್ಷಾ ವರ್ಷಾ ಜೀಪಿನಾಗೆ ಬಂದು ಇವನ್ನ ನೋಡ್ತಾರ್ರಿ! ನಮ್ಮನೆ ಮುದುಕ ಸಾಯಾಂಗಿದ್ರೂ ಒಬ್ಬ ಡಾಕ್ಟ್ರು ಬರ್ಲಿಲ್ಲ. ಇವನಿಗೇನೈತೋ, ದೇವ್ರೇ ಬಲ್ಲ."

ಚಿತ್ತಪ್ಪ ತಟ್ಟೆ ಬದಿಗಿಟ್ಟು ಎದ್ದರು. ಓಬಳಮ್ಮ ಕೃಷ್ಣಕುಮಾರನ ಮೇಲೆ ಹರಿಹಾಯ್ದಳು: "ಈ ಸಂಬಂಧ ಮುರಿದ್ರೆ ನನ್ ಮಗ ಇನ್ನೊಂದ್ ತೊಟ್ಟು ರಕ್ತ ಕೊಡಲ್ಲ, ತಿಳ್ಕೊಳ್ರಿ!"

ಕೃಷ್ಣಕುಮಾರ ಓಡಿ ಬಂದು ಚಿತ್ತಪ್ಪನವರಿಗೆ ಅಡ್ಡ ನಿಂತ. "ಕೂತ್ಕೊಳ್ರಿ ಯಜಮಾನ್ರೇ! ಕಾಯಿಲೆ ಇದ್ದೋರನ್ನ ನಾವು ಸೇರಿಸ್ಕೊಳ್ಳೋದೇ ಇಲ್ಲ. ಗಟ್ಟಿ ಹುಡುಗ್ರನ್ನ ಹುಡುಕಿ ಆರಿಸ್ತೀವಿ. ನಂಬಿಕೆ ಇಲ್ವಾ? ನೀವೇ ಕೇಳಿ ನೋಡ್ರಿ!" ಎಂದು ಚೀಲದಲ್ಲಿದ್ದ ಸ್ಟೆತಸ್ಕೋಪನ್ನು ಚಿತ್ತಪ್ಪನವರ ಕಿವಿಗೇ ಸಿಕ್ಕಿಸಿ, ಇನ್ನೊಂದು ತುದಿಯನ್ನು ವರನ ಎದೆಗೊತ್ತಿದ.

ಚಿತ್ತಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವರ ತಮ್ಮ ಕೇಳಿದ, ಹೆಣ್ಣಿನ ಅತ್ತೆ ಕೇಳಿದರು. ಹುಚ್ಚಕ್ಕನೂ ನುಗ್ಗಿ ಬಂದು ಕೇಳಿ, "ಮಗ್ಗದಾಗೆ ಲಾಳಿ ಓಡ್ದಂಗೆ ಓಡ್ತೈತಲ್ರಿ!" ಎಂದು ಮಾತು ಬದಲಿಸಿದಳು.

"ಒಪ್ಪಿದ್ವಿ!" ಎಂದು ಚಿತ್ತಪ್ಪ ತೊಡೆ ತಟ್ಟಿದರು. ಓಬಳಮ್ಮನ ಕಣ್ಣಲ್ಲಿ ನೀರು. ಕೃಷ್ಣಕುಮಾರನಿಗಂತೂ ಹೋದ ಜೀವ ಬಂದಂತಾಯಿತು.

"ನಂಗೆ ಗಂಡು ಮಕ್ಳಿಲ್ಲ. ನಮ್ ಮಗ್ಗ ನೋಡ್ಕೊಳ್ಳೋಕೆ ಇಂಥ ಗಟ್ಟಿ ಎದೆಯೋನೇ ಬೇಕಿತ್ತು" ಎಂದರು ಚಿತ್ತಪ್ಪ. "ಮನೆ ಅಳಿಯನಾಗಿ ರಾಯದುರ್ಗಕ್ಕೇ ಕರ್ಕೊಂಡು ಹೋಗ್ತೀವಿ. ಮದುವೆ ಬರೋ ವಾರಾನೇ."

"ನಿಮ್ಮಿಂದಾನೇ ಆತು ಸಾರ್!" ಎಂದು ಚೌಡೇಶ ಹಸಿದ ಹೊಟ್ಟೆಗೆ ದೊಡ್ಡ ಬಜ್ಜಿಯೊಂದನ್ನು ತುರುಕಿಕೊಂಡ.

ಕೃಷ್ಣಕುಮಾರ ಚೀಲ ಕೆಳಗಿಟ್ಟು ಚಾಪೆಯ ಮೇಲೆ ಕುಳಿತ. ಓಬಳಮ್ಮ ತಟ್ಟೆ ತಂದಿಟ್ಟು, "ಕೆಲಸಕ್ಕೆ ಹೊತ್ತಾಗ್ತೈತೇನ್ರಿ ಸಾರ್?" ಎಂದಳು.

"ಇಲ್ಲಮ್ಮ. ಇನ್ನೊಂದೆರಡು ಬಜ್ಜಿ ಹಾಕ್ರಿ."