ಎಫ್ ಎಂಟರ ಮೇಲೆ ಅರಗಿನ ಮುದ್ರೆ

ಹುಮನಾಬಾದಿನ ಉಪ ಪ್ರಮಾಣಪತ್ರ ಕೇಂದ್ರದಲ್ಲಿದ್ದ ಒಂದೇ ಒಂದು ಗಣಕಯಂತ್ರವು ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತಿದ್ದುದರಿಂದ, ಅದನ್ನು ಸುಧಾರಿಸಬೇಕೆಂದು ಎರಡು ಸಾವಿರದ ಮೂರನೇ ಇಸವಿಯ ಮಾರ್ಚ್ ತಿಂಗಳ ಕೊನೆಗೆ ತೀರ್ಮಾನವಾಯಿತು.

ತೀರ್ಮಾನ ಆದದ್ದು ಬಸವಕಲ್ಯಾಣದ ಮುಖ್ಯ ಕೇಂದ್ರದಲ್ಲಿ. ಅಲ್ಲಿ ವರ್ಷದ ಅನುದಾನ ಇನ್ನೂ ಉಳಿದಿತ್ತು, ವರ್ಷ ಉಳಿದಿರಲಿಲ್ಲ. ಮುಖ್ಯಾಧಿಕಾರಿ ಗುರುಶಾಂತ ಸಾಹೇಬರು ಏನನ್ನಾದರೂ ಕೊಳ್ಳಲೇಬೇಕಾಗಿತ್ತು. ಕುರ್ಚಿಗಳನ್ನು ಹಿಂದಿನ ವರ್ಷ ಕೊಂಡಿದ್ದರು, ಅದರ ಹಿಂದಿನ ವರ್ಷವೂ ಕೊಂಡಿದ್ದರು. ಆದ್ದರಿಂದ ಈ ಸಲ ‘ಎಕ್ಸ್‌ಪಿ’ ಎಂಬ ಹೊಸ ವ್ಯವಸ್ಥೆಯ ಸೀಡಿಯನ್ನು ಕೊಂಡು, ಒಂದು ಸುತ್ತೋಲೆಯ ಸಮೇತ ಹುಮನಾಬಾದಿಗೆ ಕಳಿಸಿದರು. ಸುತ್ತೋಲೆ ಹೀಗಿತ್ತು:

“ಸದರಿ ಸೀಡಿ ತಲುಪಿದ ಕೂಡಲೇ ಹಳೆಯ ‘ತೊಂಬತ್ತೆಂಟು’ ಎಂಬ ವ್ಯವಸ್ಥೆಯನ್ನು ಕೈಬಿಟ್ಟು ಹೊಸ ವ್ಯವಸ್ಥೆಗೆ ಏರತಕ್ಕದ್ದು. ಏರುವಾಗ ಸಂಭವಿಸುವ ಒಳಿತಿಗೆ ಮುಖ್ಯ ಕೇಂದ್ರವೂ, ಕೆಡುಕಿಗೆ ಉಪಕೇಂದ್ರವೂ ಹೊಣೆಯಾಗಿರತಕ್ಕದ್ದು.”

ಉಪಕೇಂದ್ರದ ಅಧೀಕ್ಷಕರು ಮಹಾರುದ್ರಪ್ಪನವರು. ನಿವೃತ್ತಿಯ ಬಾಗಿಲಿಗೆ ಬಂದಿದ್ದರು. ಯಾವ ಕಡತದ ಮೇಲೂ ಹೌದು ಎಂದಾಗಲಿ ಇಲ್ಲ ಎಂದಾಗಲಿ ಬರೆಯದೆಯೇ ಅಷ್ಟು ದೂರ ನಡೆದು ಬಂದಿದ್ದರು. ಕಡತ ಬಂದರೆ ‘ಮಾತನಾಡಿ’ ಎಂದು ಬರೆಯುತ್ತಿದ್ದರು. ಸಿಬ್ಬಂದಿ ಬಂದು ಮಾತನಾಡಿದರೆ ‘ಬರೆದು ಮಂಡಿಸಿ’ ಎನ್ನುತ್ತಿದ್ದರು. ಹೀಗೆ ಹೋಗಿ ಬಂದು ಸವೆದ ಕಡತಗಳು ಕೆಲಕಾಲದ ಮೇಲೆ ತಾವಾಗಿಯೇ ಶಾಂತವಾಗುತ್ತಿದ್ದವು. ಇದರಿಂದ ಅವರಿಗೆ ಮನೆಯಲ್ಲಿ ನಿದ್ದೆಯೂ ಕಚೇರಿಯಲ್ಲಿ ಒಳ್ಳೆಯ ಹೆಸರೂ ಇದ್ದವು.

ಸುತ್ತೋಲೆಯನ್ನು ಎರಡು ಸಲ ಓದಿ, ಗಣಕಯಂತ್ರ ನಡೆಸುತ್ತಿದ್ದ ವಿದ್ಯಾವತಿಯನ್ನು ಕರೆಸಿದರು.

“ಬಾಯಾರ, ಇದನ್ನ ಹಾಕಬೇಕೋ ಬ್ಯಾಡೋ?”

“ಈಗಿಂದು ಛಲೋನೇ ನಡದದ್ರಿ ಸರ. ದಿನಾ ಪ್ರಮಾಣಪತ್ರ ಹೊಂಟಾವ. ಸುಮ್ನ ಯಾಕ್ರಿ?”

“ಬ್ಯಾಡ ಅಂದ್ರ ಸಾಹೇಬ್ರು ಖರೀದಿ ಮಾಡಿದ್ದು ತಪ್ಪು ಅಂದಂಗ ಆಗ್ತದಲ್ಲ?”

“ಹಂಗಾದ್ರ ಹಾಕೂಣ್ರಿ.”

“ಹಾಕಿ ಕೆಟ್ರ?”

“ಕೆಟ್ರ, ಹಳೇದೇ ಛಲೋ ಇತ್ತು ಅಂತ ಗೊತ್ತಾಗ್ತದ್ರಿ.”

ಈ ಉತ್ತರದಲ್ಲಿ ಹಿಡಿದುಕೊಳ್ಳಲು ಮಹಾರುದ್ರಪ್ಪನವರಿಗೆ ಏನೂ ಸಿಗಲಿಲ್ಲ. ಸುತ್ತೋಲೆಯ ಅಂಚಿನಲ್ಲಿ ‘ಮಾತನಾಡಿ’ ಎಂದು ಬರೆದು ಕಪಾಟಿನಲ್ಲಿಟ್ಟರು.

ಆದರೆ ಈ ಕಡತ ಶಾಂತವಾಗುವ ಜಾತಿಯದಾಗಿರಲಿಲ್ಲ. ಜ್ಞಾಪನ ಬಂತು, ಅದನ್ನು ಜ್ಞಾಪಿಸುವ ಜ್ಞಾಪನ ಬಂತು, ಕೊನೆಗೆ ಬಸವಕಲ್ಯಾಣದಲ್ಲಿ ಗಣಕಯಂತ್ರ ದುರಸ್ತಿಯ ಅಂಗಡಿ ಇಟ್ಟಿದ್ದ ಸೋಹೇಲನೇ ಬಸ್ ಹಿಡಿದು ಬಂದ. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಸೋಹೇಲ ತನ್ನ ಪಾಲಿನ ಕೊಬ್ಬರಿ ತಿಂದು, ಕೈ ಒರೆಸಿಕೊಂಡು, ಸೀಡಿ ಹಾಕಿದ. ಪರದೆ ನೀಲಿಯಾಯಿತು. ಅದರ ತುಂಬ ಇಂಗ್ಲಿಷ್ ಅಕ್ಷರಗಳು ಇರುವೆ ಸಾಲಿನಂತೆ ತುಂಬಿಕೊಂಡು ನಿಂತವು.

“ಎಫ್ ಎಂಟು ಒತ್ರಿ ಸರ. ಮುಂದಿಂದು ಅದೇ ಮಾಡಿಕೊಳ್ತದ.”

“ಯಾಕ ಒತ್ತಬೇಕು?”

“ಕಂಪನಿ ಕರಾರು ಒಪ್ಪೀನಿ ಅಂತ.”

ಮಹಾರುದ್ರಪ್ಪನವರು ಕೈಯನ್ನು ಹಿಂದಕ್ಕೆ ಎಳೆದು ಬೆನ್ನಿಗಿಟ್ಟುಕೊಂಡರು. “ಯಾರು ಒಪ್ಪೂದು? ನಾನೋ, ಸರಕಾರೋ?”

“ಯಾರರ ಒಪ್ರಿ ಸರ. ದುನಿಯಾದಾಗ ಎಲ್ಲಾರೂ ಓದಲಾರದೇ ಒತ್ತತಾರ.”

“ಎಲ್ಲಾರಿಗೂ ಪೆನ್ಶನ್ ಇರೂದಿಲ್ಲಪಾ. ಒಪ್ಪೂದಿಲ್ಲ ಅಂದ್ರ ಏನಾಗ್ತದ?”

“ಮೂಲ್ಯಾಗ ಎಸ್ಕೇಪ್ ಅಂತ ಒಂದು ಕೀಲಿ ಅದ ನೋಡ್ರಿ. ಅದನ್ನ ಒತ್ತಿದ್ರ ಹಳೇದೇ ತಿರುಗಿ ಬರ್ತದ.”

“ಎಸ್ಕೇಪ್ ಅಂದ್ರ?”

“ತಪ್ಪಿಸ್ಕೊಂಡು ಹೋಗೂದ್ರಿ.”

“ಅಧೀಕ್ಷಕ ತಪ್ಪಿಸ್ಕೊಂಡು ಹೋದ ಅಂತ ಬರೀತಾರಲ್ಲೋ!”

“ಹಂಗಾದ್ರ ಕರೆಂಟ್ ತೆಗದುಬಿಡ್ರಿ.”

“ಸರಕಾರಿ ಸೊತ್ತು ನಡೂ ಕೆಲಸದಾಗ ಬಂದ್ ಮಾಡಿದ್ರ ಅದಕ್ಕ ಬ್ಯಾರೇನೇ ಕಲಮು ಅದ.”

“ನಾನೇ ಒತ್ತಲ್ರಿ?” ಎಂದು ಸೋಹೇಲ ಬೆರಳು ಚಾಚಿದ. ಮಹಾರುದ್ರಪ್ಪನವರು ಆ ಬೆರಳನ್ನು ಗಾಳಿಯಲ್ಲೇ ಹಿಡಿದರು. “ನೀ ಖಾಸಗಿ ಮನಷ್ಯಾ. ಸರಕಾರದ ಪರವಾಗಿ ಒಪ್ಪಾಕ ನೀ ಯಾರು?”

ಹೀಗೆ ಎಲ್ಲ ದಾರಿಗಳೂ ಮುಚ್ಚಿದ್ದರಿಂದ, ಪರದೆಯನ್ನು ಇದ್ದಂತೆಯೇ ಇರಗೊಡಬೇಕೆಂದು ಅಭಿಪ್ರಾಯವಾಯಿತು. ‘ಎಫ್ ಎಂಟನ್ನು ಒತ್ತಲು ಯಾವ ದರ್ಜೆಯ ಅಧಿಕಾರಿ ಅರ್ಹ’ ಎಂಬ ಪ್ರಶ್ನೆ ಕಾನೂನು ಅಭಿಪ್ರಾಯಕ್ಕಾಗಿ ಬಸವಕಲ್ಯಾಣಕ್ಕೆ ಹೋಯಿತು. ಅಷ್ಟರಲ್ಲಿ ಯಾರಾದರೂ ಆಕಸ್ಮಿಕವಾಗಿ ಒಪ್ಪಿಬಿಡದಂತೆ, ಆ ಕೀಲಿಯ ಮೇಲೆ ಔಷಧದ ಬಾಟಲಿಯ ಮುಚ್ಚಳ ಕವುಚಿ, ಸುತ್ತಲೂ ಅರಗು ಹಾಕಿ ಕಚೇರಿಯ ಮುದ್ರೆ ಒತ್ತಲಾಯಿತು. ಪರದೆಯನ್ನು ನೋಡಿಕೊಂಡಿರುವುದು ವಿದ್ಯಾವತಿಯ ಕರ್ತವ್ಯವೆಂದು ಆಜ್ಞೆಯಾಯಿತು. ಅವಳು ನೋಡಿಕೊಂಡೇ ಸ್ವೆಟರ್ ಹೆಣೆಯಲು ಶುರುಮಾಡಿದಳು.

ಹುಮನಾಬಾದಿನಲ್ಲಿ ಮಧ್ಯಾಹ್ನ ಕರೆಂಟ್ ಇರುವ ಪದ್ಧತಿ ಇರಲಿಲ್ಲ. ಬ್ಯಾಟರಿ ಪೆಟ್ಟಿಗೆ ಕುಂಯ್‌ಗುಡತೊಡಗಿದಾಗ ಮಹಾರುದ್ರಪ್ಪನವರು ಮುಖ್ಯ ಕೇಂದ್ರಕ್ಕೆ ಫೋನ್ ಮಾಡಿದರು. “ಸಾಹೇಬ್ರ, ಪರದಿ ಆರಿದ್ರ ನಾ ತಪ್ಪಿಸ್ಕೊಂಡು ಹೋದಂಗ ಆಗ್ತದ್ರಿ.” ಗುರುಶಾಂತ ಸಾಹೇಬರು ಒಂದು ಕ್ಷಣ ಯೋಚಿಸಿದರು. ಅವರ ಹೆಂಡತಿಯ ತಮ್ಮ, ಉತ್ತಮ ಎಂಬವನು, ಮದುವೆ ಮಂಟಪಗಳಿಗೆ ಜನರೇಟರ್ ಬಾಡಿಗೆಗೆ ಕೊಡುತ್ತಿದ್ದ, ಮತ್ತು ಆಗ ಮದುವೆಗಳ ಕಾಲ ಮುಗಿಯುತ್ತ ಬಂದಿತ್ತು. ಬ್ಯಾಟರಿ ಪೂರ್ತಿ ಆರುವ ಮೊದಲೇ ಜನರೇಟರ್ ಬಂತು. ಅದನ್ನು ತರಿಸುವ ಬಗ್ಗೆ ಟೆಂಡರನ್ನು ಮುಂದಿನ ವಾರ ಕರೆಯಲಾಯಿತು. ಕರೆದ ದನಿ ಸಾಹೇಬರ ಮನೆಯಂಗಳ ದಾಟದಿದ್ದುದರಿಂದ ಒಂದೇ ಅರ್ಜಿ ಬಂದು, ಅದೇ ಎಲ್ಲಕ್ಕಿಂತ ಯೋಗ್ಯವೆಂದು ಕಂಡುಬಂತು. ‘ಪರದೆಯ ಮೇಲೆ ಒಪ್ಪಿಗೆಯ ಪ್ರಶ್ನೆ ಇರುವವರೆಗೆ’ ಎಂಬುದು ಗುತ್ತಿಗೆಯ ಅವಧಿ.

ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಲಾಯಿತು: “ಸಾರ್ವಜನಿಕರಿಗೆ ಹೆಚ್ಚು ವೇಗವಾಗಿ ಸೇವೆ ನೀಡುವ ಉದ್ದೇಶದಿಂದ ಎಲ್ಲ ಸೇವೆಗಳನ್ನು ನಿಲ್ಲಿಸಲಾಗಿದೆ.”

ಜನ ಓದಿ ಹಿಂದಿರುಗಿದರು. ಹಿಂದಿರುಗದವಳು ರಾಜೇಶ್ವರದ ದ್ರೌಪತಿ ಒಬ್ಬಳೇ. ಊರಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಜಾಗ ತೆರವಾಗಿತ್ತು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಾಡಿಕೊಂಡು ಇಬ್ಬರು ಮಕ್ಕಳನ್ನು ಸಾಕುತ್ತಿದ್ದವಳಿಗೆ ಆ ಜಾಗದ ಮೇಲೆ ಜೀವವೇ ಇತ್ತು. ಎಲ್ಲ ಕಾಗದಗಳೂ ಇದ್ದವು; ತಾನು ರಾಜೇಶ್ವರದಲ್ಲೇ ಇರುತ್ತೇನೆ ಎಂಬ ವಾಸದ ಪ್ರಮಾಣಪತ್ರ ಒಂದು ಬೇಕಾಗಿತ್ತು.

“ಸಾಹೇಬ್ರ, ನಾ ಹುಟ್ಟಿದ್ದೂ ಅದೇ ಊರು, ಕೊಟ್ಟಿದ್ದೂ ಅದೇ ಊರು. ಒಂದು ಚೀಟಿ ಬರದು ಕೊಟ್ರ ಮುಗೀತದಲ್ರಿ?”

“ಕೈಬರಹದ ಪ್ರಮಾಣಪತ್ರ ಸರಕಾರ ರದ್ದು ಮಾಡ್ಯಾದ ತಂಗೀ. ಯಂತ್ರದಾಗಿಂದೇ ಬರಬೇಕು.”

“ಯಂತ್ರ ಚಾಲೂನೇ ಅದಲ್ರಿ. ಬೆಳಕು ಕಾಣಾಕತ್ತದ.”

“ಚಾಲೂ ಅದ. ಆದ್ರ ಅದು ನಮ್ಮನ್ನ ಒಂದು ಮಾತು ಕೇಳ್ಯಾದ. ಜವಾಬು ಮ್ಯಾಲಿಂದ ಬರಬೇಕು.”

“ನಂದು ಅರ್ಜಿ ಹಾಕೂ ದಿನ ಮುಗೀತದ್ರಿ.”

“ಅರ್ಜಿ ಬರದು ಕೊಡು, ವಿಚಾರ ಮಾಡೂಣ.”

ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಲಾಲ್ ಅಹ್ಮದ್ ಎಂಬ ಅರ್ಜಿ ಬರೆಯುವ ಹಿರಿಯರು ಕುಳಿತಿರುತ್ತಿದ್ದರು. ಅವರ ಅಕ್ಷರ ಅಚ್ಚು ಹಾಕಿದಂತಿರುತ್ತಿತ್ತು. ದ್ರೌಪತಿಗಾಗಿ ಅವರು ಬರೆದ ಅರ್ಜಿಗಳನ್ನು ಮಹಾರುದ್ರಪ್ಪನವರು ಒಂದೊಂದಾಗಿ ಮೆಚ್ಚಿ ಓದಿ ಕಪಾಟಿನಲ್ಲಿಟ್ಟರು. ಕೊನೆಯ ಅರ್ಜಿಗೆ ಲಾಲ್ ಅಹ್ಮದ್ ದುಡ್ಡು ತೆಗೆದುಕೊಳ್ಳಲಿಲ್ಲ. “ಬೇಟೀ, ನಾ ಬರೀತೀನಿ, ಅವ್ರು ಓದತಾರ. ನಿಂದೊಂದು ಕೆಲಸ ಬಿಟ್ಟು ಎಲ್ಲಾ ಆಗಾಕತ್ತದ” ಎಂದರು.

ಇತ್ತ ಬಸವಕಲ್ಯಾಣದಲ್ಲಿ ಉನ್ನತ ಸಮಿತಿಯ ಸಭೆ ಸೇರಿತು. ಮಹಾರುದ್ರಪ್ಪನವರೂ ಹೋಗಿದ್ದರು. ಚಹಾ, ಸುಸಲಾ, ಮಿರ್ಚಿ ಭಜಿ ಆದ ಮೇಲೆ ವಿಷಯ ಬಂತು. ಕಾನೂನು ಸಲಹೆಗಾರರು ಎದ್ದು ನಿಂತು, ಕರಾರು ಇಂಗ್ಲಿಷಿನಲ್ಲಿದೆ, ಸರಕಾರ ಒಪ್ಪುವುದಾದರೆ ಕನ್ನಡದಲ್ಲಿ ಒಪ್ಪಬೇಕು, ಕನ್ನಡಕ್ಕೆ ತಂದರೆ ಯಾರೂ ಒಪ್ಪಲಾರರು ಎಂದರು. ಒಬ್ಬ ಹೊಸ ಸದಸ್ಯರು, ಊರಿಗೆ ಹೊಸಬರು, “ಸುಮ್ಮನೆ ಒತ್ತಿಬಿಟ್ಟರೆ ಹೇಗೆ?” ಎಂದುಬಿಟ್ಟರು.

ಗುರುಶಾಂತ ಸಾಹೇಬರು ಅವರಿಗೆ ಸಮಾಧಾನದಿಂದ ತಿಳಿಸಿ ಹೇಳಿದರು. “ಒತ್ತೂದು ಸುಲಭ ಅದ್ರಿ. ಆದ್ರ ಒತ್ತಿದ್ರ ಪ್ರಶ್ನೆ ಹೋಗ್ತದ. ಪ್ರಶ್ನೆ ಹೋದ್ರ ಗುತ್ತಿಗಿ ಹೋಗ್ತದ. ಡೀಸೆಲ್ ವರ್ಷದ್ದು ಮೊದಲೇ ತಗೊಂಡೇವಿ. ನಾಳೆ ಲೆಕ್ಕ ತಪಾಸಣಿ ಮಂದಿ ಬಂದು, ಪ್ರಶ್ನೇನೇ ಇಲ್ಲ, ಡೀಸೆಲ್ ಯಾಕ ಅಂದ್ರ ನೀವು ಜವಾಬು ಕೊಡ್ತೀರೇನು?”

ಹೊಸ ಸದಸ್ಯರು ಕೊಡುವುದಿಲ್ಲವೆಂದರು. ಸೂಕ್ಷ್ಮ ವಿಷಯವಾದ್ದರಿಂದ ಆಳವಾದ ಅಧ್ಯಯನ ಅಗತ್ಯವೆಂದು ಸರ್ವಾನುಮತದಿಂದ ಠರಾವಾಯಿತು. ಹಿಂದಿರುಗುವ ಬಸ್ಸಿನಲ್ಲಿ ಮಹಾರುದ್ರಪ್ಪನವರಿಗೆ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಹತ್ತಿತು. ರಾಜೇಶ್ವರದಲ್ಲಿ ಬಸ್ ನಿಂತಾಗ ಎಚ್ಚರವಾಗಿ, ಇದು ಆ ಹೆಣ್ಣುಮಗಳ ಊರು ಎಂದು ನೆನಪಾಗಿ, ಕಿಟಕಿಯ ಕಡೆಯಿಂದ ಮುಖವನ್ನು ಒಳಕ್ಕೆ ತಿರುಗಿಸಿಕೊಂಡರು.

ಎರಡು ದಿನದ ಮೇಲೆ ಬೆಳಗ್ಗೆಯೇ ಫೋನ್ ಬಂತು. ಗುರುಶಾಂತ ಸಾಹೇಬರ ಮಗಳು ಐಶ್ವರ್ಯಳಿಗೆ ಗುಲಬರ್ಗಾದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸಂಜೆಯೊಳಗೆ ವಾಸದ ಪ್ರಮಾಣಪತ್ರ ಬೇಕಿತ್ತು; ಮುಖ್ಯ ಕೇಂದ್ರದಿಂದ ಸುತ್ತೋಲೆ ಬಿಟ್ಟರೆ ಬೇರೆ ಯಾವ ಪತ್ರವೂ ಹೊರಡುತ್ತಿರಲಿಲ್ಲ.

“ಸಾಹೇಬ್ರ, ಯಂತ್ರ ಒಪ್ಪಿಗಿಗೆ ನಿಂತದ್ರಿ. ಕೈಲೆ ಬರದ್ರ ನಡಿಯೂದಿಲ್ರಿ.”

“ಕೈಲೆ ಬರೀರಿ ಅಂತ ನಾ ಹೇಳಿಲ್ಲ. ಯಂತ್ರದ್ದೇ ಬೇಕು. ಹ್ಯಾಂಗ ಅನ್ನೂದು ನಿಮಗ ಬಿಟ್ಟದ್ದು” ಎಂದು ಸಾಹೇಬರು ಫೋನ್ ಇಟ್ಟರು.

ಮಹಾರುದ್ರಪ್ಪನವರು ಬೆವೆತರು. ನೀರು ಕುಡಿದು, ಮತ್ತೆ ಬೆವೆತರು. ಕೊನೆಗೆ ಲಾಲ್ ಅಹ್ಮದರನ್ನು ಒಳಗೆ ಕರೆಸಿ, ಯಂತ್ರದ ಎದುರಿಗೆ ಕುರ್ಚಿ ಹಾಕಿ ಕೂಡಿಸಿದರು. ಹೊರಗೆ ಜನರೇಟರ್ ಗುಡುಗುತ್ತಿತ್ತು. ಲಾಲ್ ಅಹ್ಮದ್ ನೀಲಿ ಬೆಳಕಿನಲ್ಲಿ, ಅಚ್ಚಿನಂಥ ತಮ್ಮ ಅಕ್ಷರದಲ್ಲಿ ಪ್ರಮಾಣಪತ್ರ ಬರೆದು, ಅಧೀಕ್ಷಕರು ಹೇಳಿದಂತೆ ಕೆಳಗೆ ಒಂದು ಸಾಲು ಸೇರಿಸಿದರು: “ಇದು ಗಣಕಯಂತ್ರದ ಸಮಕ್ಷಮದಲ್ಲಿ ತಯಾರಾದ ಪ್ರತಿಯಾದುದರಿಂದ ಯಾರ ಸಹಿಯೂ ಅಗತ್ಯವಿಲ್ಲ.”

ಆ ಕೊನೆಯ ಮೂರು ಶಬ್ದಗಳನ್ನು ಓದಿದಾಗ ಮಹಾರುದ್ರಪ್ಪನವರ ಎದೆ ಹಗುರಾಯಿತು. ಇಷ್ಟು ವರ್ಷ ಇಂಥ ಸಾಲು ತನಗೆ ಯಾಕೆ ಹೊಳೆಯಲಿಲ್ಲ ಎಂದು ಅವರಿಗೆ ವ್ಯಥೆಯೂ ಆಯಿತು.

“ನಂದೂ ಬರೀರಿ.”

ಬಾಗಿಲಲ್ಲಿ ದ್ರೌಪತಿ ನಿಂತಿದ್ದಳು. ಅವಳ ಅರ್ಜಿಗೂ ಅದೇ ದಿನವೇ ಕೊನೆಯ ದಿನ.

“ತಂಗೀ, ಇದು ಬ್ಯಾರೆ ಬಾಬತ್ತು...”

“ಯಾವ ಬಾಬತ್ತೂ ಬ್ಯಾರೆ ಇಲ್ರಿ. ಅದೇ ಯಂತ್ರ, ಅದೇ ಚಾಚಾ, ಅದೇ ಶಾಯಿ. ಊರಿನ ಹೆಸರು ಬ್ಯಾರೆ, ಅಷ್ಟೇ.”

“ಮ್ಯಾಲಿಂದ ಹುಕುಮ್ ಇಲ್ಲ.”

ದ್ರೌಪತಿ ಒಳಗೆ ಬಂದಳು. ವಿದ್ಯಾವತಿ ಹೆಣೆಯುವುದನ್ನು ನಿಲ್ಲಿಸಿ ಕುರ್ಚಿಯನ್ನು ತುಸು ಬದಿಗೆ ಸರಿಸಿಕೊಂಡಳು. ದ್ರೌಪತಿ ಅರಗಿನ ಮುದ್ರೆಯ ಮೇಲೆ ಹೆಬ್ಬೆರಳಿಟ್ಟಳು.

“ಬಾಯಾರ, ಇದನ್ನ ಒತ್ತಿದ್ರೇ ಎಲ್ಲಾ ಮುಗೀತದ ಅಂತಾರಲ್ರಿ?”

“ಹೌದ್ರಿ ಅಕ್ಕಾ” ಎಂದಳು ವಿದ್ಯಾವತಿ. “ಜ್ವಾರ್ಲೆ ಒತ್ತಬೇಕು. ಅರಗು ದಪ್ಪ ಅದ.”

ಮಹಾರುದ್ರಪ್ಪನವರ ಕಣ್ಣೆದುರು ಗುತ್ತಿಗೆ ಹೋಯಿತು, ಡೀಸೆಲ್ ಹೋಯಿತು, ಸಾಹೇಬರ ಮುಖ ಬಂತು, ಪೆನ್ಶನ್ ಹೋಯಿತು. ಅರಗು ಚಟ್ ಎಂದು ಸೀಳಿದ ಸದ್ದು ಜನರೇಟರಿನ ಗದ್ದಲದಲ್ಲೂ ಅವರಿಗೆ ಕೇಳಿಸಿತು.

“ಬರೀರಿ! ಲಾಲ್ ಅಹ್ಮದ್, ಬರೀರಿ! ಆಕಿಗೆ ಎಷ್ಟು ಪ್ರತಿ ಬೇಕು ಕೇಳ್ರಿ!”

“ಒಂದೇ ಸಾಕ್ರಿ” ಎಂದಳು ದ್ರೌಪತಿ. ಬರೆದು ಮುಗಿಯುವವರೆಗೂ ಹೆಬ್ಬೆರಳು ತೆಗೆಯಲಿಲ್ಲ. ಶಾಯಿ ಆರಿಸುತ್ತ ಬಸ್ ನಿಲ್ದಾಣಕ್ಕೆ ಓಡಿದಳು. ಅರ್ಜಿ ಹೊತ್ತಿಗೆ ಮುಂಚೆ ತಲುಪಿ, ಜೂನ್ ತಿಂಗಳಲ್ಲಿ ಅಂಗನವಾಡಿಯ ಕೀಲಿಕೈ ಅವಳ ಕೈಗೆ ಬಂತು. ಇತ್ತ, ಅವಳು ಪತ್ರ ಹಿಡಿದು ಓಡಿದ ಮಧ್ಯಾಹ್ನವೇ ಮಹಾರುದ್ರಪ್ಪನವರು ಮುದ್ರೆಗೆ ಹೊಸ ಅರಗು ಹಾಕಿಸಿದರು.

ಐಶ್ವರ್ಯಳ ಪತ್ರವನ್ನು ಕಾಲೇಜಿನವರು ಒಪ್ಪಿಕೊಂಡಿದ್ದರಿಂದ, ಅಂಥ ಪತ್ರ ಸಿಂಧುವೋ ಅಲ್ಲವೋ ಎಂಬ ಪ್ರಶ್ನೆಯನ್ನು ಮುಖ್ಯ ಕೇಂದ್ರದಲ್ಲಿ ಯಾರೂ ಎತ್ತಲಿಲ್ಲ. ಬದಲಿಗೆ ನಿಯಮವೇ ಬಂತು: “ಚಾಲೂ ಇರುವ ಗಣಕಯಂತ್ರದಿಂದ ಎರಡು ಮೊಳದೊಳಗೆ ಕುಳಿತು ಬರೆದದ್ದೆಲ್ಲವೂ ಗಣಕೀಕೃತ.” ಲಾಲ್ ಅಹ್ಮದರಿಗೆ ‘ಮುದ್ರಕ’ ಎಂಬ ಪದನಾಮ ಸಿಕ್ಕಿತು. ಖರೀದಿ ಪಟ್ಟಿಯಲ್ಲಿ ಅವರನ್ನು ಯಂತ್ರದ ಬಿಡಿಭಾಗಗಳ ಕೆಳಗೆ ತೋರಿಸಿದ್ದರಿಂದ ಸಂಬಳಕ್ಕೂ ತೊಂದರೆಯಾಗಲಿಲ್ಲ. ಬಾಗಿಲ ಪ್ರಕಟಣೆಯನ್ನು ಹರಿದು ಹಾಕಲಾಯಿತು. ಜನ ಸಾಲುಗಟ್ಟಿ ಬಂದರು. ಮೊದಲಿಗಿಂತ ಬೇಗ ಆಗುತ್ತದೆ, ಅಕ್ಷರವೂ ಚಂದ, ಹೊಸ ವ್ಯವಸ್ಥೆ ಭಾರಿ ಅದ ಎಂದು ಹೊಗಳಿದರು. ಒಮ್ಮೆ ಡೀಸೆಲ್ ಮುಗಿದು ಜನರೇಟರ್ ನಿಂತ ಗಳಿಗೆಯಲ್ಲಿ ಬರೆದುಕೊಟ್ಟ ಪತ್ರವನ್ನು, ಸದ್ದಿಲ್ಲದೆ ಬರೆದದ್ದು ನಕಲಿ ಇರಬಹುದೆಂದು, ಒಬ್ಬ ರೈತ ಅಲ್ಲೇ ಹಿಂದಿರುಗಿಸಿದ. ಅವನ ಮಾತು ನ್ಯಾಯವೆಂದು ಎಲ್ಲರಿಗೂ ಕಂಡಿತು.

ವರ್ಷದ ಕೊನೆಗೆ ಅತ್ಯುತ್ತಮ ಗಣಕೀಕರಣದ ಫಲಕ ಹುಮನಾಬಾದಿಗೆ ಬಂತು. ಮಹಾರುದ್ರಪ್ಪನವರು ಹಾರ ಹಾಕಿಸಿಕೊಂಡು, ಜನರೇಟರಿನ ಉತ್ತಮನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಇದನ್ನು ಪತ್ರಿಕೆಯಲ್ಲಿ ನೋಡಿ ಚಿಟಗುಪ್ಪದ ಉಪಕೇಂದ್ರದವರು ತಮಗೂ ಸೌಲಭ್ಯ ಬೇಕೆಂದು ಬೇಡಿಕೆ ಸಲ್ಲಿಸಿದರು. ತಮ್ಮ ಕಚೇರಿ ಚಿಕ್ಕದು, ಗಣಕಯಂತ್ರ ಇಡಲು ಸ್ಥಳವಿಲ್ಲ, ಆದ್ದರಿಂದ ಜನರೇಟರ್ ಒಂದನ್ನೇ ಮಂಜೂರು ಮಾಡಿದರೂ ಸಾಕು ಎಂದು ಅದರಲ್ಲಿ ವಿನಯದಿಂದ ಬರೆದಿದ್ದರು. ಮುಖ್ಯ ಕೇಂದ್ರವು ಈ ಮಿತವ್ಯಯವನ್ನು ಶ್ಲಾಘಿಸಿ ಅಂದೇ ಮಂಜೂರು ಮಾಡಿತು. ಮುಂದಿನ ಸೋಮವಾರದಿಂದ ಚಿಟಗುಪ್ಪದ ಸಂತೆಗೆ ಬಂದ ಜನ, ದೂರದಿಂದಲೇ ಸದ್ದು ಕೇಳಿ, ಕಚೇರಿ ನಡೆದಿದೆ ಎಂದು ತಿಳಿದು, ನಿಶ್ಚಿಂತೆಯಿಂದ ಬಂದು ಸಾಲಿನಲ್ಲಿ ನಿಲ್ಲತೊಡಗಿದರು.